ಹೊಂಚುಗಾರ ವಾಂಡೊ: 171 ಗೋಲು ಮತ್ತು ಆ ಒಂದು ಹೊಡೆತ

2014ರ ಜುಲೈ 2. ನಮ್ಮಲ್ಲಿ ಬೆಳಗಿನ ಜಾವ ಮೂರೂಕಾಲು ದಾಟಿತ್ತು. ಬ್ರೆಜಿಲ್‌ನ ಸಾಲ್ವಡಾರ್‌ನಲ್ಲಿ ಇನ್ನೂ ಜುಲೈ 1ರ ಸಂಜೆ. ವಿಶ್ವಕಪ್ಪಿನ ಹದಿನಾರರ ಘಟ್ಟ, ಅಮೆರಿಕ ಮತ್ತು ಬೆಲ್ಜಿಯಂ ಪಂದ್ಯ. ಸೋತವರು ಗಂಟುಮೂಟೆ ಕಟ್ಟಬೇಕು. 90 ನಿಮಿಷ ಮುಗಿದು ಇಂಜುರಿ ಟೈಮ್ ನಡೆಯುತ್ತಿತ್ತು. ಎರಡೂ ಕಡೆ ಸೊನ್ನೆ. ಅಮೆರಿಕದ ಗೋಲ್‌ಕೀಪರ್ ಟಿಮ್ ಹೊವರ್ಡ್ ಅವತ್ತು ಗೋಡೆ ಥರ ನಿಂತುಬಿಟ್ಟಿದ್ದ. ಬೆಲ್ಜಿಯಂನವರು ಹೊಡೆದದ್ದೇ ಬಂತು, ಒಂದೂ ಒಳಗೆ ಹೋಗಲಿಲ್ಲ.

ಆಗ ಅಮೆರಿಕದ ಕಡೆಯಿಂದ ಒಂದು ಉದ್ದನೆಯ ಚೆಂಡು ಬಂತು. ಜರ್ಮೈನ್ ಜೋನ್ಸ್ ಎಗರಿ ತಲೆ ಕೊಟ್ಟ. ಚೆಂಡು ಗೋಲಿನಿಂದ ಆರೇಳು ಗಜ ದೂರಕ್ಕೆ ಇಳಿಯಿತು. ಅಲ್ಲಿ 18ನೇ ನಂಬರಿನ ಅಂಗಿ ತೊಟ್ಟವನೊಬ್ಬ ಇದ್ದ. ಸುತ್ತ ಯಾರೂ ಇಲ್ಲ, ಎದುರಿಗೆ ಗೋಲ್‌ಕೀಪರ್ ಮಾತ್ರ. ಕಾಲು ಬೀಸಿದ. ಚೆಂಡು ಅಡ್ಡಕಂಬದ ಮೇಲಿಂದ ಹಾರಿಹೋಯಿತು.

ಟಿವಿ ಮುಂದೆ ಕೂತಿದ್ದ ನನ್ನ ಬಾಯಿಂದ 'ಥೂ' ಅಂತ ಬಂತು, ಮನೆಯವರು ಎದ್ದರು. ಅಮೆರಿಕದಲ್ಲಿ ಎಷ್ಟು ಜನ ಹಾಗಂದರೋ ಲೆಕ್ಕವಿಲ್ಲ. ಹೆಚ್ಚುವರಿ ಆಟದ ಅರ್ಧ ಗಂಟೆಯಲ್ಲಿ ಬೆಲ್ಜಿಯಂ ಎರಡು ಗೋಲು ಹೊಡೆಯಿತು, ಅಮೆರಿಕ ಒಂದು. ಅಲ್ಲಿಗೆ ಮುಗಿಯಿತು.

ಹೊಡೆದವನು ಕ್ರಿಸ್ ವಾಂಡೊಲೌಸ್ಕಿ. ಅಭಿಮಾನಿಗಳ ಬಾಯಲ್ಲಿ ಸುಮ್ನೆ 'ವಾಂಡೊ'. ವಿಶ್ವಕಪ್ ಮಾತ್ರ ನೋಡುವವರಿಗೆ ಇವನು ಆ ಒಂದು ಹೊಡೆತದ ಮನುಷ್ಯ. ಆದರೆ ಅಮೆರಿಕದ ಮೇಜರ್ ಲೀಗ್ ಸಾಕರ್‌ನಲ್ಲಿ, ಅಂದರೆ ಎಂಎಲ್‌ಎಸ್‌ನಲ್ಲಿ, ಅತಿ ಹೆಚ್ಚು ಗೋಲು ಹೊಡೆದವನೂ ಇವನೇ. 2021ರಲ್ಲಿ ಆಟ ಬಿಟ್ಟಾಗ ಲೆಕ್ಕ 171. ಹಾಗಾದರೆ ಅಷ್ಟು ಹತ್ತಿರದಿಂದ ತಪ್ಪಿಸಿದ್ದು ಹೇಗೆ? ಇಷ್ಟು ಗೋಲು ಹೊಡೆದವನನ್ನು 27 ವರ್ಷದವರೆಗೂ ಯಾರೂ ಗುರುತಿಸದೇ ಹೋದದ್ದು ಹೇಗೆ? ಎರಡೂ ಒಂದೇ ಪ್ರಶ್ನೆ ಅಂತ ನನ್ನ ಅನಿಸಿಕೆ. ಅದಕ್ಕೆ ಉತ್ತರ ಸಿಗಬೇಕಾದರೆ ಅಮೆರಿಕದ ಫುಟ್‌ಬಾಲ್ ನಡೆಯುವ ರೀತಿಯನ್ನೂ ಇವನು ಮಾಡುತ್ತಿದ್ದ ಕೆಲಸವನ್ನೂ ಸ್ವಲ್ಪ ಹತ್ತಿರದಿಂದ ನೋಡಬೇಕು.

ಮೊದಲು ಆ ದೇಶದ ವ್ಯವಸ್ಥೆ. ಯುರೋಪಿನಲ್ಲಿ ಏಳೆಂಟು ವರ್ಷದ ಹುಡುಗ ಚೆನ್ನಾಗಿ ಆಡಿದರೆ ಕ್ಲಬ್ಬಿನವರೇ ಎತ್ತಿಕೊಂಡು ಹೋಗಿ ಬೆಳೆಸುತ್ತಾರೆ. ಹದಿನೇಳು ಹದಿನೆಂಟಕ್ಕೆ ಅವನ ಹಣೆಬರಹ ಹೆಚ್ಚುಕಮ್ಮಿ ಗೊತ್ತಾಗಿಬಿಡುತ್ತದೆ. ಅಮೆರಿಕದಲ್ಲಿ ವಾಂಡೊ ಬೆಳೆಯುವ ಕಾಲಕ್ಕೆ ಹಾಗಿರಲಿಲ್ಲ. ಅಲ್ಲಿ ದಾರಿ ಅಂದರೆ ಹೈಸ್ಕೂಲು, ಆಮೇಲೆ ಕಾಲೇಜು, ಆಮೇಲೆ ಡ್ರಾಫ್ಟ್. ಕಾಲೇಜು ಕ್ರೀಡೆ ಅಲ್ಲಿ ದೊಡ್ಡ ಸಂಗತಿ. ಕಾಲೇಜುಗಳನ್ನು ಮೂರು ಡಿವಿಷನ್‌ಗಳಾಗಿ ಹಂಚಿದ್ದಾರೆ. ಮೊದಲನೆಯದರಲ್ಲಿ ದುಡ್ಡು, ಸ್ಕಾಲರ್‌ಶಿಪ್, ಒಳ್ಳೆಯ ಮೈದಾನ, ಒಳ್ಳೆಯ ಆಟಗಾರರನ್ನು ಹುಡುಕಿಕೊಂಡು ಬರುವ ಸ್ಕೌಟ್‌ಗಳು. ಎರಡನೆಯದಕ್ಕೆ ಅದರ ಚೂರುಪಾರು.

ವಾಂಡೊ ಹುಟ್ಟಿದ್ದು 1983ರ ಜನವರಿ 28ರಂದು, ಕ್ಯಾಲಿಫೋರ್ನಿಯಾದ ಡ್ಯಾನ್‌ವಿಲ್‌ನಲ್ಲಿ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವಕ್ಕಿರುವ ಊರು. ತಾಯಿ ಕೈಯೋವಾ ಬುಡಕಟ್ಟಿನವರು. ಇವನೂ ಆ ಬುಡಕಟ್ಟಿನ ಸದಸ್ಯ, ಅವರ ಭಾಷೆಯಲ್ಲಿ ಇವನಿಗೊಂದು ಹೆಸರೂ ಇದೆ. 'ಗುಡ್ಡ ದಾಟಿ ಬರುವ ಯೋಧ' ಎಂದು ಅದರ ಅರ್ಥ. ಶಾಲೆಯಲ್ಲಿ ಓಟಗಾರನೂ ಆಗಿದ್ದ. ಈ ಓಟದ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಕಾಲೇಜು ಸೇರಿದ್ದು ಚೀಕೊ ಸ್ಟೇಟ್‌ಗೆ. ಅದು ಎರಡನೇ ಡಿವಿಷನ್. ಅಲ್ಲಿ ಗೋಲು ಹೊಡೆದ, ಚೆನ್ನಾಗಿಯೇ ಹೊಡೆದ. ಆದರೆ ಅಲ್ಲಿ ಹೊಡೆದ ಗೋಲಿಗೆ ಬೆಲೆ ಕಟ್ಟುವವರು ಕಮ್ಮಿ.

ಡ್ರಾಫ್ಟ್ ಅಂದರೇನು? ಐಪಿಎಲ್ ಹರಾಜು ನೋಡಿದವರಿಗೆ ಅರ್ಧ ಅರ್ಥವಾಗುತ್ತದೆ. ಹರಾಜಿನಲ್ಲಿ ದುಡ್ಡು ಕೂಗುತ್ತಾರೆ, ಡ್ರಾಫ್ಟ್‌ನಲ್ಲಿ ಕೂಗುವಂತಿಲ್ಲ. ಸಾಲಾಗಿ ಒಂದೊಂದು ತಂಡ ಒಬ್ಬೊಬ್ಬನ ಹೆಸರು ಹೇಳುತ್ತಾ ಹೋಗುತ್ತದೆ. ಹಿಂದಿನ ವರ್ಷ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ. ಆಟಗಾರನಿಗೆ ಯಾವ ಊರು ಬೇಕು ಅಂತ ಕೇಳುವವರಿಲ್ಲ. 2005ರಲ್ಲಿ ಮುಖ್ಯ ಡ್ರಾಫ್ಟ್ ನಡೆದಾಗ ವಾಂಡೊ ಹೆಸರನ್ನು ಯಾರೂ ಹೇಳಲಿಲ್ಲ. ಉಳಿದವರಿಗಾಗಿ ಆಮೇಲೊಂದು ಪೂರಕ ಡ್ರಾಫ್ಟ್ ಇರುತ್ತಿತ್ತು. ಮದುವೆ ಮನೆಯಲ್ಲಿ ಕೊನೇ ಪಂಕ್ತಿ ಇರುತ್ತದಲ್ಲ, ಹಾಗೆ. ಅದರಲ್ಲೂ ನಾಲ್ಕನೇ ಸುತ್ತಿನವರೆಗೆ ಕಾದು, 41ನೆಯವನಾಗಿ ಸ್ಯಾನ್ ಹೊಸೆ ಅರ್ಥ್‌ಕ್ವೇಕ್ಸ್ ತಂಡಕ್ಕೆ ಸಿಕ್ಕ. ಅದೇ ವರ್ಷ ಮುಖ್ಯ ಡ್ರಾಫ್ಟ್‌ನಲ್ಲಿ ಎಲ್ಲರಿಗಿಂತ ಮೊದಲು ಆರಿಸಿದ್ದು 16ರ ಹುಡುಗನೊಬ್ಬನನ್ನು. ಅವನು ಎಂಎಲ್‌ಎಸ್‌ನಲ್ಲಿ ಆಡಿದ್ದು ಬೆರಳೆಣಿಕೆಯ ಪಂದ್ಯ. ಆಯ್ಕೆ ಮಾಡುವವರ ಕಣ್ಣು ಎಷ್ಟು ನೆಚ್ಚಿಕೊಳ್ಳುವಂಥದ್ದು ಅಂತ ಇದರಲ್ಲೇ ಗೊತ್ತಾಗುತ್ತದೆ, ಅಲ್ವಾ?

ಎಂಎಲ್‌ಎಸ್‌ನಲ್ಲಿ ಇನ್ನೊಂದು ವಿಚಿತ್ರ ಇದೆ. ಅಲ್ಲಿ ಆಟಗಾರನ ಒಪ್ಪಂದ ತಂಡದ ಜೊತೆ ಆಗುವುದಿಲ್ಲ, ನೇರ ಲೀಗ್ ಜೊತೆ ಆಗುತ್ತದೆ. ಇಡೀ ಲೀಗೇ ಒಂದು ಕಂಪನಿ, ತಂಡಗಳ ಮಾಲೀಕರು ಅದರ ಪಾಲುದಾರರು. 1996ರಲ್ಲಿ ಲೀಗ್ ಶುರುವಾದಾಗ ಹೀಗೆ ಮಾಡಿದ್ದಕ್ಕೆ ಕಾರಣ ಇತ್ತು. ಅದಕ್ಕೆ ಮುಂಚೆ ಅಲ್ಲಿದ್ದ ದೊಡ್ಡ ಲೀಗ್ ಒಂದು ಪೆಲೆಯಂಥವರಿಗೆ ದುಡ್ಡು ಸುರಿದು 1980ರ ದಶಕದಲ್ಲಿ ಮುಳುಗಿತ್ತು. ಮತ್ತೆ ಹಾಗಾಗಬಾರದೆಂದು ಸಂಬಳಕ್ಕೆ ಮಿತಿ ಹಾಕಿದರು. ಕೆಟ್ಟದಾಗಿ ಆಡಿದರೆ ಕೆಳಗಿನ ಲೀಗ್‌ಗೆ ಇಳಿಯುವ ಭಯವೂ ಇಲ್ಲ, ನಮ್ಮ ಐಎಸ್‌ಎಲ್ ಇಷ್ಟು ವರ್ಷ ನಡೆದ ಹಾಗೆಯೇ. ಈ ಮಿತಿಯ ಬಿಸಿ ತಟ್ಟುವುದು ಕೆಳಗಿನವರಿಗೆ. ಮುಖ್ಯ ಪಟ್ಟಿಯ ಕೆಳಗೆ 'ಡೆವಲಪ್‌ಮೆಂಟಲ್' ಅಂತ ಒಂದು ಪಟ್ಟಿ ಇತ್ತು. ಆ ಕಾಲಕ್ಕೆ ಅದರಲ್ಲಿದ್ದವರಿಗೆ ವರ್ಷಕ್ಕೆ 12 ಸಾವಿರ ಡಾಲರ್ ಆಸುಪಾಸು. ಕ್ಯಾಲಿಫೋರ್ನಿಯಾದಲ್ಲಿ ಅದು ಬಾಡಿಗೆಗೇ ಸಾಲದ ದುಡ್ಡು. ವಾಂಡೊನಂಥ ಹುಡುಗರು ಶುರು ಮಾಡುತ್ತಿದ್ದದ್ದು ಅಲ್ಲಿಂದ.

ಸೇರಿದ ವರ್ಷವೇ ಇನ್ನೊಂದು ಏಟು. ಅಲ್ಲಿ ತಂಡಗಳು ಊರು ಬಿಟ್ಟು ಊರಿಗೆ ಹೋಗುತ್ತವೆ. ನಮಗೆ ಇದು ಸುಲಭವಾಗಿ ಒಪ್ಪುವ ಮಾತಲ್ಲ. ಆರ್‌ಸಿಬಿಯನ್ನು ರಾತ್ರೋರಾತ್ರಿ ಬೇರೆ ಊರಿಗೆ ಸಾಗಿಸಿದರೆ ಏನಾಗಬಹುದು ಯೋಚಿಸಿ. 2005ರಲ್ಲಿ ಅರ್ಥ್‌ಕ್ವೇಕ್ಸ್ ಲೀಗ್‌ನಲ್ಲೇ ಅತಿ ಹೆಚ್ಚು ಅಂಕ ಗಳಿಸಿತು. ಆದರೂ ಹೊಸ ಸ್ಟೇಡಿಯಂ ಕೈಗೂಡಲಿಲ್ಲ ಅಂತ ಮಾಲೀಕರು ಆಟಗಾರರನ್ನೂ ಕೋಚನ್ನೂ ಟೆಕ್ಸಸ್‌ನ ಹ್ಯೂಸ್ಟನ್‌ಗೆ ಹೊತ್ತೊಯ್ದರು. ಹೆಸರು, ಲಾಂಛನ, ಹಳೆಯ ದಾಖಲೆಗಳು ಮಾತ್ರ ಸ್ಯಾನ್ ಹೊಸೆಯಲ್ಲೇ ಉಳಿದವು. ದೇಹ ಹೋಯಿತು, ಜಾತಕ ಉಳಿಯಿತು ಅಂದ ಹಾಗೆ. ವಾಂಡೊ ಕೂಡ ಸಾಮಾನು ಕಟ್ಟಿಕೊಂಡು ಹೊರಟ.

ಹ್ಯೂಸ್ಟನ್ ಡೈನಮೊ 2006 ಮತ್ತು 2007ರಲ್ಲಿ ಸತತ ಚಾಂಪಿಯನ್ ಆಯಿತು. ವಾಂಡೊ ಬೆಂಚ್ ಮೇಲಿದ್ದ. ಮುಂದಿನ ಸಾಲಿನಲ್ಲಿ ಹೆಸರುವಾಸಿಗಳಿದ್ದರು, ಇವನಿಗೆ ಜಾಗವೇ ಇರಲಿಲ್ಲ. ರಿಸರ್ವ್ ತಂಡಗಳ ಪಂದ್ಯಗಳಲ್ಲಿ, ಬಹುಪಾಲು ಖಾಲಿ ಗ್ಯಾಲರಿ ಮುಂದೆ, ಗೋಲಿನ ಮೇಲೆ ಗೋಲು ಹೊಡೆಯುತ್ತಿದ್ದ. ಮುಖ್ಯ ತಂಡದಲ್ಲಿ ಮೂರೂವರೆ ವರ್ಷಕ್ಕೆ ಬರೀ 4 ಗೋಲು. ಈ ನಡುವೆ 2008ರಲ್ಲಿ ಸ್ಯಾನ್ ಹೊಸೆಗೆ ಅದೇ ಹಳೇ ಹೆಸರಿನಲ್ಲಿ ಹೊಸ ತಂಡ ಬಂತು. 2009ರ ನಡುವೆ ಹ್ಯೂಸ್ಟನ್‌ನವರು ಕ್ಯಾಮ್ ವೀವರ್ ಎಂಬ ಇನ್ನೊಬ್ಬ ಸ್ಟ್ರೈಕರನ್ನು ಪಡೆದುಕೊಂಡು ಇವನನ್ನು ಅಲ್ಲಿಗೆ ಕಳಿಸಿಕೊಟ್ಟರು. ಆಗ ಅದು ಪತ್ರಿಕೆಯ ಮೂಲೆಯ ಸುದ್ದಿ. ಈಗ ತಿರುಗಿ ನೋಡಿದರೆ ಎಂಎಲ್‌ಎಸ್ ಚರಿತ್ರೆಯಲ್ಲೇ ಅತಿ ಏಕಪಕ್ಷೀಯ ಅದಲುಬದಲು.

ಆ ವರ್ಷದ ಕೊನೆಗೆ ಅವನಿಗೆ 27 ತುಂಬುವುದರಲ್ಲಿತ್ತು. ಒಟ್ಟು ಎಂಎಲ್‌ಎಸ್ ಗೋಲು 7. ಇಲ್ಲಿಗೆ ಇವನ ಕತೆ ನಿಂತಿದ್ದರೂ ಯಾರೂ ಕೇಳುತ್ತಿರಲಿಲ್ಲ.

2010ರಲ್ಲಿ ಮೊದಲ ಸಲ ಋತು ಪೂರ್ತಿ ಮುಂದಿನ ಸಾಲಿನಲ್ಲಿ ಆಡುವ ಅವಕಾಶ ಸಿಕ್ಕಿತು. 18 ಗೋಲು ಹೊಡೆದ. ಲಾಸ್ ಏಂಜಲೀಸ್‌ನ ಎಡ್ಸನ್ ಬಡಲ್‌ಗಿಂತ ಒಂದೇ ಒಂದು ಹೆಚ್ಚು. ಅತಿ ಹೆಚ್ಚು ಗೋಲು ಹೊಡೆದವನಿಗೆ ಕೊಡುವ ಗೋಲ್ಡನ್ ಬೂಟ್ ಇವನ ಮನೆಗೆ ಬಂತು.

ಏನು ಬದಲಾಯಿತು? ಓಟದ ವೇಗ ಬದಲಾಗಲಿಲ್ಲ, ಡ್ರಿಬಲ್ ಮಾಡುವ ಕೈಚಳಕ, ಅಲ್ಲ ಕಾಲ್ಚಳಕ, ಅದೂ ಬರಲಿಲ್ಲ. ಬದಲಾದದ್ದು ಆಡಲು ಸಿಕ್ಕ ನಿಮಿಷಗಳು. ಇವನ ಕಸುಬೇ ಅಂಥದ್ದು, ನಿಮಿಷ ಕೊಟ್ಟರೆ ಮಾತ್ರ ಕಾಣುತ್ತದೆ.

ಫುಟ್‌ಬಾಲ್‌ನಲ್ಲಿ ಫಾರ್ವರ್ಡ್‌ಗಳಲ್ಲಿ ಹಲವು ಜಾತಿ. ಚೆಂಡು ಸಿಕ್ಕರೆ ನಾಲ್ಕು ಜನರನ್ನು ತಪ್ಪಿಸಿಕೊಂಡು ಹೋಗುವವರು ಒಂದು ಥರ. ಎತ್ತರದ ಮೈಕಟ್ಟಿನಿಂದ ಡಿಫೆಂಡರನ್ನು ಬೆನ್ನಲ್ಲಿ ತಡೆದು ಚೆಂಡು ಹಿಡಿದಿಡುವವರು ಇನ್ನೊಂದು ಥರ. ವಾಂಡೊ ಮೂರನೆಯ ಥರ. ಇಂಗ್ಲಿಷಿನವರು ಇದಕ್ಕೆ ಪೋಚರ್ ಅನ್ನುತ್ತಾರೆ, ಕದ್ದು ಬೇಟೆಯಾಡುವವನು. ನಾನು ಹೊಂಚುಗಾರ ಅಂತೀನಿ. ಇವನ ಆಟದ ಹತ್ತು ನಿಮಿಷ ನೋಡಿದರೆ ಏನೂ ಕಾಣುವುದಿಲ್ಲ. ಚೆಂಡು ಮುಟ್ಟುವುದೇ ಅಪರೂಪ. ಆಮೇಲೆ ಮೈದಾನದ ಅಂಚಿನಿಂದ ಗೋಲಿನ ಮುಂದಕ್ಕೆ ಯಾರೋ ಒದ್ದ ಚೆಂಡು, ಅಂದರೆ ಕ್ರಾಸ್, ಬರುತ್ತದೆ, ಯಾರ ಕಾಲಿಗೋ ತಾಗಿ ಬೀಳುತ್ತದೆ, ಬಿದ್ದ ಜಾಗದಲ್ಲಿ ಇವನಿರುತ್ತಾನೆ. ಒಂದೇ ಟಚ್, ಗೋಲು. ನೋಡಿದವರು 'ಲಕ್' ಅನ್ನುತ್ತಾರೆ.

ಮೆಜೆಸ್ಟಿಕ್‌ನಲ್ಲಿ ಸಂಜೆ ಬಸ್ಸಿಗೆ ಕಾಯುವವರನ್ನು ನೋಡಿದ್ದೀರಲ್ಲ. ಬಸ್ ಬಂದಾಗ ಎಲ್ಲರೂ ಅದರ ಹಿಂದೆ ಓಡುತ್ತಾರೆ. ದಿನಾ ಓಡಾಡುವ ಒಬ್ಬ ಮಾತ್ರ ಓಡುವುದಿಲ್ಲ. ಡ್ರೈವರ್ ಬ್ರೇಕ್ ಹಾಕಿದರೆ ಬಾಗಿಲು ಎಲ್ಲಿಗೆ ಬಂದು ನಿಲ್ಲುತ್ತದೆ ಅಂತ ಅವನಿಗೆ ಗೊತ್ತು. ಮೊದಲೇ ಎರಡು ಹೆಜ್ಜೆ ಸರಿದು ನಿಂತಿರುತ್ತಾನೆ. ಬಾಗಿಲು ಅವನ ಮೂಗಿನ ಮುಂದೆ ತೆರೆದುಕೊಳ್ಳುತ್ತದೆ, ಕಿಟಕಿ ಸೀಟು ಸಿಗುತ್ತದೆ. ಅವನಿಗೂ ದಿನಾ ಸಿಗುವುದಿಲ್ಲ. ಬಸ್ ಕೆಲವು ಸಲ ಹಿಂದೆಯೇ ನಿಲ್ಲುತ್ತದೆ, ಕೆಲವು ಸಲ ಮುಂದೆ ಹೋಗುತ್ತದೆ. ಆದರೆ ತಿಂಗಳ ಲೆಕ್ಕ ತೆಗೆದರೆ ಉಳಿದವರಿಗಿಂತ ಜಾಸ್ತಿ ಸಲ ಕೂತು ಹೋದವನು ಅವನೇ.

ಹೊಂಚುಗಾರನ ಕೆಲಸದಲ್ಲಿ ಸೂಕ್ಷ್ಮಗಳಿವೆ. ಮೊದಲನೆಯದು ಡಿಫೆಂಡರನ ಕಣ್ಣು. ಡಿಫೆಂಡರ್ ಚೆಂಡನ್ನೂ ನೋಡಬೇಕು, ಇವನನ್ನೂ ನೋಡಬೇಕು. ಎರಡೂ ಒಂದೇ ದಿಕ್ಕಿನಲ್ಲಿದ್ದರೆ ಸುಲಭ. ಅದಕ್ಕೇ ವಾಂಡೊ ಸದಾ ಡಿಫೆಂಡರನ ಭುಜದ ಹಿಂದೆ, ಅವನ ಕಣ್ಣು ಹೊರಳದ ಕಡೆ ಸುಳಿಯುತ್ತಿದ್ದ. ಆತ ಚೆಂಡು ನೋಡಿದರೆ ವಾಂಡೊ ಮಾಯ, ವಾಂಡೊನನ್ನು ನೋಡಿದರೆ ಚೆಂಡು ಮಾಯ. ಆತ ಒಮ್ಮೆ ಕತ್ತು ತಿರುಗಿಸಿ ಮತ್ತೆ ಚೆಂಡಿನ ಕಡೆ ನೋಡುವಷ್ಟರಲ್ಲಿ ಅರ್ಧ ಸೆಕೆಂಡ್ ಸಿಗುತ್ತದೆ. ಆ ಅರ್ಧ ಸೆಕೆಂಡೇ ಇವನ ಬಂಡವಾಳ.

ಇನ್ನೊಂದು, ಎರಡು ಹೆಜ್ಜೆಯ ಮೋಸ. ಕ್ರಾಸ್ ಬರುವ ಮುಂಚೆ ಹತ್ತಿರದ ಕಂಬದ ಕಡೆ ಜೋರಾಗಿ ಒಂದು ಹೆಜ್ಜೆ. ಡಿಫೆಂಡರ್ ಹಿಂಬಾಲಿಸುತ್ತಾನೆ. ತಕ್ಷಣ ಕಾಲು ಊರಿ ಹಿಂದಕ್ಕೆ ಸರಿಯುವುದು. ಡಿಫೆಂಡರನ ಮೈಭಾರ ಮುಂದಕ್ಕೆ ಹೋಗಿರುತ್ತದೆ, ತಿರುಗುವಷ್ಟರಲ್ಲಿ ಎರಡು ಗಜ ಅಂತರ. ಪೆನಾಲ್ಟಿ ಬಾಕ್ಸ್ ಒಳಗೆ ಎರಡು ಗಜ ಅಂದರೆ ಎರಡು ಎಕರೆ ಇದ್ದ ಹಾಗೆ. ಇದನ್ನೆಲ್ಲ ಆಫ್‌ಸೈಡ್ ಗೆರೆ ದಾಟದೆ ಮಾಡಬೇಕು. ಪಾಸ್ ಹೊರಟ ಗಳಿಗೆಯಲ್ಲಿ ಕೊನೇ ಡಿಫೆಂಡರಿಗಿಂತ ಒಂದು ಮೊಣಕಾಲು ಮುಂದಿದ್ದರೂ ಶ್ರಮವೆಲ್ಲ ವ್ಯರ್ಥ.

ಮತ್ತೆ ಆ ಓಟ. ಈ ಹೆಜ್ಜೆಗಳನ್ನು ಪಂದ್ಯಕ್ಕೆ ಎಷ್ಟು ಸಲ ಹಾಕಬೇಕು ಗೊತ್ತಾ? ಚೆಂಡು ಬರಲಿ ಬಿಡಲಿ, ಬಾಕ್ಸ್ ಕಡೆ ಚೆಂಡು ಹೊರಟಾಗಲೆಲ್ಲ ಹಾಕಬೇಕು. ಬಹುತೇಕ ಸಲ ಪಾಸ್ ಬರುವುದೇ ಇಲ್ಲ. ಬಂದರೂ ಎತ್ತರಕ್ಕೆ ಹೋಗುತ್ತದೆ, ಯಾರೋ ತಡೆಯುತ್ತಾರೆ. ಉಳಿದವರು ನಾಲ್ಕು ಸಲ ಓಡಿ ಐದನೇ ಸಲ ನಡೆಯುತ್ತಾರೆ. ವಾಂಡೊ ಐದನೇ ಸಲವೂ ಓಡುತ್ತಿದ್ದ, 88ನೇ ನಿಮಿಷದಲ್ಲೂ ಓಡುತ್ತಿದ್ದ. ಶಾಲೆಯ ಟ್ರ್ಯಾಕ್‌ನಲ್ಲಿ ಕಲಿತ ದಮ್ಮು ಇಲ್ಲಿ ಕೆಲಸಕ್ಕೆ ಬಂತು. ಗದ್ದೆಯಂಚಲ್ಲಿ ಕೊಕ್ಕರೆ ಒಂಟಿ ಕಾಲಲ್ಲಿ ಕಾಯುವುದನ್ನು ಹೊಂಚು ಅಂತೀವಿ. ಇವನದು ನಿಲ್ಲದೆ ಓಡುತ್ತಾ ಹಾಕುವ ಹೊಂಚು.

ಸ್ಕೌಟ್‌ಗಳು ಇವನನ್ನು ಯಾಕೆ ಬಿಟ್ಟರು ಅಂತ ಈಗ ಗೊತ್ತಾಗುತ್ತದೆ. ಸ್ಕೌಟ್ ಬರುವುದು ಒಂದೆರಡು ಪಂದ್ಯಕ್ಕೆ. ಕಣ್ಣಿಗೆ ಬೀಳುವುದು ವೇಗ, ಎತ್ತರ, ಚೆಂಡಿನ ಮೇಲಿನ ಹಿಡಿತ. ಜಾಗ ಹುಡುಕುವ ಬುದ್ಧಿಯನ್ನು ಒಂದು ಮಧ್ಯಾಹ್ನದಲ್ಲಿ ಅಳೆಯಲು ಟೇಪು ಇಲ್ಲ. ಅಲ್ಲಿ ದಾಖಲೆ ಪಟ್ಟಿಯಲ್ಲಿ ವಾಂಡೊ ನಂತರದ ಎರಡನೇ ಸ್ಥಾನಕ್ಕೆ ಏರಿದವನು ಕೈ ಕಮಾರ, ಸಿಯೆರಾ ಲಿಯೋನ್‌ನಿಂದ ನಿರಾಶ್ರಿತನಾಗಿ ಅಮೆರಿಕಕ್ಕೆ ಬಂದವನು. ಅವನು ಓದಿದ್ದೂ ಕ್ಯಾಲಿಫೋರ್ನಿಯಾದ ಒಂದು ಎರಡನೇ ಡಿವಿಷನ್ ಕಾಲೇಜಿನಲ್ಲೇ. ಮೊದಲ ಡಿವಿಷನ್ನಿನ ದೊಡ್ಡ ದೊಡ್ಡ ಕಾಲೇಜುಗಳು ಇದನ್ನು ಹೇಗೆ ವಿವರಿಸುತ್ತವೋ ನನಗೆ ಕುತೂಹಲ.

ನಮ್ಮವರೂ ಒಬ್ಬರು ಈ ಚಿತ್ರದಲ್ಲಿ ಬರುತ್ತಾರೆ. ವಾಂಡೊ ಮೊದಲ ಗೋಲ್ಡನ್ ಬೂಟ್ ಗೆದ್ದ ಅದೇ 2010ರಲ್ಲಿ ಸುನಿಲ್ ಛೆಟ್ರಿ ಎಂಎಲ್‌ಎಸ್‌ನ ಕ್ಯಾನ್ಸಸ್ ಸಿಟಿ ತಂಡ ಸೇರಿದ್ದ. ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಿಸಲಿಲ್ಲ. ಆ ತಂಡದ ಮುಂದಿನ ಸಾಲಿನಲ್ಲಿ ಆಗ ಇದ್ದವರಲ್ಲಿ ಇದೇ ಕಮಾರ ಒಬ್ಬ. ಛೆಟ್ರಿ ವಾಪಸು ಬಂದ, 2013ರಲ್ಲಿ ಬೆಂಗಳೂರು ಎಫ್‌ಸಿ ಸೇರಿದ, ಮುಂದಿನದು ಕಂಠೀರವದ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಕೂಗಿದವರಿಗೆಲ್ಲ ಗೊತ್ತು. ಛೆಟ್ರಿಯೂ ಎತ್ತರದವನಲ್ಲ, ಬಾಕ್ಸ್ ಒಳಗೆ ಜಾಗ ಹುಡುಕುವುದರಲ್ಲಿ ಎತ್ತಿದ ಕೈ. ಅವನ ತಲೆಗೋಲುಗಳನ್ನು ನೆನಪಿಸಿಕೊಂಡರೆ ವಾಂಡೊನ ಆಟ ಹೇಗಿತ್ತೆಂದು ಊಹಿಸುವುದು ಸುಲಭ. ಇಂಥವರಿಗೆ ನಿಮಿಷ ಕೊಡುವ ಕೋಚ್ ಸಿಗಬೇಕು ಅಷ್ಟೇ. ಒಬ್ಬನಿಗೆ ಆ ವರ್ಷ ಸಿಕ್ಕ, ಇನ್ನೊಬ್ಬನಿಗೆ ಸಿಗಲಿಲ್ಲ.

2011ರಲ್ಲಿ ವಾಂಡೊ 16 ಗೋಲು ಹೊಡೆದ. ಡ್ವೇನ್ ಡಿ ರೊಸಾರಿಯೊ ಕೂಡ 16. ಸಮ ಆದಾಗ ಅಸಿಸ್ಟ್, ಅಂದರೆ ಬೇರೆಯವರ ಗೋಲಿಗೆ ಕೊಟ್ಟ ಪಾಸ್‌ಗಳ ಲೆಕ್ಕ ನೋಡುತ್ತಾರೆ, ಬೂಟ್ ಡಿ ರೊಸಾರಿಯೊಗೆ ಹೋಯಿತು. ಹೊಂಚುಗಾರನಿಗೆ ಅಸಿಸ್ಟ್ ಎಲ್ಲಿಂದ ಬರಬೇಕು, ಪಾಪ.

2012ರಲ್ಲಿ ಯಾವ ಲೆಕ್ಕಕ್ಕೂ ಎಡೆ ಕೊಡಲಿಲ್ಲ. 27 ಗೋಲು. ಲೀಗ್ ಹುಟ್ಟಿದ ವರ್ಷ, 1996ರಲ್ಲಿ, ರಾಯ್ ಲ್ಯಾಸಿಟರ್ ಮಾಡಿಟ್ಟಿದ್ದ ದಾಖಲೆಯನ್ನು ಸರಿಗಟ್ಟಿದ. ಸ್ಯಾನ್ ಹೊಸೆ ಅಂಕಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು, ಇವನು ಲೀಗ್‌ನ ಅತ್ಯುತ್ತಮ ಆಟಗಾರ ಅನಿಸಿಕೊಂಡ. ಆ ತಂಡ ಆಗ ಆಡುತ್ತಿದ್ದದ್ದು ವಿಶ್ವವಿದ್ಯಾಲಯದ ಹಳೆಯ ಮೈದಾನವೊಂದರಲ್ಲಿ, ಹತ್ತು ಸಾವಿರ ಜನ ಹಿಡಿಸುವಂಥದ್ದು. ಲಾಸ್ ಏಂಜಲೀಸ್‌ನಲ್ಲಿ ಬೆಕಮ್ ಇದ್ದ, ನ್ಯೂಯಾರ್ಕ್‌ನಲ್ಲಿ ಆನ್ರಿ ಇದ್ದ. ಇವರಿಗಾಗಿಯೇ ಸಂಬಳದ ಮಿತಿಗೆ ಹೊರತಾದ ವಿಶೇಷ ನಿಯಮ ಇತ್ತು. ಗೋಲಿನ ಪಟ್ಟಿಯ ತುದಿಯಲ್ಲಿ ಮಾತ್ರ ಚೀಕೊ ಸ್ಟೇಟ್‌ನ ಹುಡುಗ.

ಆದರೂ ಹೆಸರು ಜನರ ಬಾಯಿಗೆ ಸರಿಯಾಗಿ ಹತ್ತಿರಲಿಲ್ಲ. 2013ರ ಜನವರಿಯಲ್ಲಿ ಕೆನಡಾ ವಿರುದ್ಧದ ಸ್ನೇಹಪಂದ್ಯಕ್ಕೆ ರಾಷ್ಟ್ರೀಯ ತಂಡದ ಅಂಗಿ ಕೊಟ್ಟರು. ಬೆನ್ನ ಮೇಲೆ ಅವನ ಹೆಸರಿನ ಸ್ಪೆಲಿಂಗೇ ತಪ್ಪು, ನಡುವೆ ಒಂದು ಅಕ್ಷರ ಹೆಚ್ಚಿಗೆ. ಹಿಂದಿನ ವರ್ಷ 27 ಗೋಲು ಹೊಡೆದವನಿಗೆ! ಅದೇ ವರ್ಷದ ಜುಲೈಯಲ್ಲಿ ಉತ್ತರ, ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ದೇಶಗಳ ಟೂರ್ನಿಯಾದ ಗೋಲ್ಡ್ ಕಪ್‌ನಲ್ಲಿ ಬೆಲೀಜ್ ವಿರುದ್ಧ ಹ್ಯಾಟ್ರಿಕ್ ಹೊಡೆದ, ಟೂರ್ನಿಯಲ್ಲಿ ಒಟ್ಟು 5 ಗೋಲು. ಅಮೆರಿಕ ಕಪ್ ಗೆದ್ದಿತು. 2014ರ ಏಪ್ರಿಲ್‌ನಲ್ಲಿ ಮೆಕ್ಸಿಕೊ ವಿರುದ್ಧವೂ ಒಂದು ಗೋಲು.

ಮೇ ತಿಂಗಳಲ್ಲಿ ಕೋಚ್ ಯುರ್ಗನ್ ಕ್ಲಿನ್ಸ್‌ಮನ್ ವಿಶ್ವಕಪ್ ತಂಡ ಪ್ರಕಟಿಸಿದರು. ಅದರಲ್ಲಿ ಲ್ಯಾಂಡನ್ ಡೊನೊವನ್ ಇರಲಿಲ್ಲ. ಅಮೆರಿಕದ ಫುಟ್‌ಬಾಲ್ ಅಂದರೆ ಡೊನೊವನ್ ಅನ್ನುವಂತಿದ್ದ ಕಾಲ ಅದು. 2010ರ ವಿಶ್ವಕಪ್‌ನಲ್ಲಿ ಅಲ್ಜೀರಿಯಾ ವಿರುದ್ಧ ಇಂಜುರಿ ಟೈಮ್‌ನಲ್ಲಿ ಗೋಲು ಹೊಡೆದು ದೇಶವನ್ನು ಮುಂದಿನ ಘಟ್ಟಕ್ಕೆ ಒಯ್ದವನು. ಎಂಎಲ್‌ಎಸ್‌ನ ಗೋಲು ದಾಖಲೆಯಲ್ಲೂ ಆಗ ಅವನಿಗೆ ಜಂಟಿ ಪಾಲಿತ್ತು. ಅವನನ್ನು ಬಿಟ್ಟು 31 ವರ್ಷದ ವಾಂಡೊನನ್ನು ತೆಗೆದುಕೊಂಡದ್ದು ಬಹಳ ಜನರಿಗೆ ನುಂಗಲಾರದ ತುತ್ತಾಯಿತು. ಇನ್ನೊಂದು ತಮಾಷೆ ಅಂದರೆ ಡೊನೊವನ್ ಸ್ಯಾನ್ ಹೊಸೆ ಬಿಟ್ಟ ವರ್ಷವೇ ವಾಂಡೊ ಅಲ್ಲಿಗೆ ಸೇರಿದ್ದ. ಒಬ್ಬ ಎದ್ದ ಜಾಗಕ್ಕೆ ಇನ್ನೊಬ್ಬ ಬರುವುದು ಇವರಿಬ್ಬರ ಹಣೆಯಲ್ಲೇ ಬರೆದಂತಿತ್ತು.

ಹೀಗಾಗಿ ಸಾಲ್ವಡಾರ್‌ನಲ್ಲಿ ಆ ಚೆಂಡು ಇಳಿದಾಗ ಅದರ ಭಾರ ಬರೀ ಒಂದು ಪಂದ್ಯದ್ದಲ್ಲ. ಮುಖ್ಯ ಸ್ಟ್ರೈಕರ್ ಆಲ್ಟಿಡೋರ್ ಮೊದಲ ಪಂದ್ಯದಲ್ಲೇ ಗಾಯಗೊಂಡು ಕೂತಿದ್ದ. ವಾಂಡೊ 72ನೇ ನಿಮಿಷದಲ್ಲಿ ಬದಲಿಯಾಗಿ ಇಳಿದಿದ್ದ. ಇಪ್ಪತ್ತು ನಿಮಿಷ ತನ್ನ ಕೆಲಸ ತಾನು ಮಾಡಿಕೊಂಡಿದ್ದ, ಬರದ ಚೆಂಡಿಗೆ ಓಡುವುದು.

ಈಗ ಆ ಹೊಡೆತವನ್ನು ಬಿಡಿಸಿ ನೋಡೋಣ. ಜೋನ್ಸ್ ತಲೆ ಕೊಟ್ಟಾಗ ವಾಂಡೊ ಅಲ್ಲಿ ಒಬ್ಬನೇ ಇದ್ದದ್ದು ಹೇಗೆ? ಬೆಲ್ಜಿಯಂನ ಡಿಫೆಂಡರ್‌ಗಳೆಲ್ಲ ಎತ್ತರದ ಚೆಂಡನ್ನು ನೋಡುತ್ತಿದ್ದರು. ಅವರ ಕಣ್ಣು ಮೇಲಿದ್ದಾಗ ಇವನು ಕೆಳಗೆ ನುಸುಳಿದ. 171 ಗೋಲು ತಂದುಕೊಟ್ಟ ಅದೇ ನಡಿಗೆ. ಅಲ್ಲಿಯವರೆಗೆ ಎಲ್ಲ ಸರಿ. ಆದರೆ ಚೆಂಡು ನೆಲದ ಮೇಲೆ ಉರುಳಿ ಬರಲಿಲ್ಲ, ಮೇಲಿಂದ ಇಳಿದು ಬಂತು. ಎದುರಿಗೆ ಬೆಲ್ಜಿಯಂನ ಗೋಲ್‌ಕೀಪರ್ ಕೂರ್ಟ್ವಾ, ಆರೂವರೆ ಅಡಿ ಆಳು, ಕಾಲು ಚಾಚಿಕೊಂಡು ಮುನ್ನುಗ್ಗುತ್ತಿದ್ದ. ಕೀಪರ್ ಹತ್ತಿರ ಬಂದಷ್ಟೂ ಕೆಳಗಿನ ಜಾಗ ಮುಚ್ಚುತ್ತದೆ, ಮೇಲಿನ ಜಾಗ ಕರೆಯುತ್ತದೆ. ಇಂಥ ಚೆಂಡಿನ ಮೇಲೆ ಎದೆ ಬಾಗಿಸಿ ನಿಲ್ಲಬೇಕು, ಆಗ ಅದು ತಗ್ಗಿನಲ್ಲಿ ಹೋಗುತ್ತದೆ. ಅವಸರದಲ್ಲಿ ಮೈ ಒಂದಿಷ್ಟು ಹಿಂದಕ್ಕೆ ವಾಲಿದರೆ ಕಾಲು ಚೆಂಡಿನ ನಡುವಿಗೆ ತಾಗದೆ ಕೆಳಭಾಗಕ್ಕೆ ತಾಗುತ್ತದೆ. ಚೆಂಡು ಗಾಳಿಪಟ. ಎರಡು ಬೆರಳಿನಷ್ಟು ವ್ಯತ್ಯಾಸ, ಅಷ್ಟೇ.

ಮನೆಯಲ್ಲಿ ಕೂತವರಿಗೆ 'ನಾನೇ ಹೊಡೀತಿದ್ದೆ' ಅನಿಸುವ ಹೊಡೆತ ಅದು. ಕೀಪರ್ ಒಬ್ಬನೇ ಎದುರಿಗಿದ್ದು, ಚೆಂಡನ್ನು ನಿಲ್ಲಿಸಿಟ್ಟು, ಉಸಿರು ತೆಗೆದುಕೊಂಡು ಹೊಡೆಯುವ ಪೆನಾಲ್ಟಿಯೇ ನಾಲ್ಕರಲ್ಲಿ ಒಂದರಷ್ಟು ತಪ್ಪುತ್ತದೆ. ಇನ್ನು ಓಡುತ್ತಾ, ಇಳಿಯುವ ಚೆಂಡಿಗೆ, ನುಗ್ಗುವ ಕೀಪರ್ ಎದುರು? ತಪ್ಪಿದ್ದು ತಪ್ಪೇ, ಅದನ್ನು ಒಪ್ಪು ಅನ್ನುತ್ತಿಲ್ಲ. ಆದರೆ ಹೊಂಚುಗಾರನ ದಿನದ ಲೆಕ್ಕದಲ್ಲಿ ಇಂಥವು ಇದ್ದೇ ಇರುತ್ತವೆ. ಆ ಜಾಗಕ್ಕೆ ಬಾರದ ಆಟಗಾರನಿಗೆ ಆ ಹೊಡೆತ ತಪ್ಪುವ ಪ್ರಶ್ನೆಯೇ ಇಲ್ಲ. ಅಂಥವರ ಮೇಲೆ ಯಾರೂ ಸಿಟ್ಟಾಗುವುದೂ ಇಲ್ಲ.

ಪಂದ್ಯ ಮುಗಿದ ಮೇಲೆ ವಾಂಡೊ ನೆಪ ಹೇಳಲಿಲ್ಲ. ಎಲ್ಲರನ್ನೂ, ಅದರಲ್ಲೂ ತಂಡದವರನ್ನು, ನಿರಾಸೆಗೊಳಿಸಿದ್ದಕ್ಕೆ ಸಂಕಟವಾಗುತ್ತಿದೆ ಅಂತ ಟ್ವಿಟರ್‌ನಲ್ಲಿ ಬರೆದ. ಬೈದವರು ಬೈದರು. ಆಮೇಲೆ ಸ್ಯಾನ್ ಹೊಸೆಗೆ ಹೋಗಿ ಆಡಿದ. ಅದೇ ವರ್ಷದ ಲೀಗ್ ಮುಗಿಯುವಷ್ಟರಲ್ಲಿ 14 ಗೋಲು ಆಗಿತ್ತು.

ಮುಂದಿನ ವರ್ಷಗಳನ್ನು ಬೇಗ ಹೇಳಿಬಿಡಬಹುದು, ಏಕೆಂದರೆ ಅವು ಒಂದರ ಹಾಗೆ ಒಂದಿವೆ. 2015ರಲ್ಲಿ 16, 2016ರಲ್ಲಿ 12, 2017ರಲ್ಲಿ 13, 2018ರಲ್ಲಿ 10. ತಂಡ ಒಳ್ಳೇದಿರಲಿ ಕೆಟ್ಟದಿರಲಿ, ಕೋಚ್ ಬದಲಾಗಲಿ, ವಯಸ್ಸು 35 ದಾಟಲಿ, ಎರಡಂಕಿ ತಪ್ಪಲಿಲ್ಲ. 2018ರಲ್ಲಿ ಸ್ಯಾನ್ ಹೊಸೆ ಇಡೀ ಲೀಗ್‌ನಲ್ಲಿ ಕಟ್ಟಕಡೆಯ ಸ್ಥಾನಕ್ಕೆ ಬಿತ್ತು. ಆ ತಂಡದಲ್ಲೂ ಇವನದು 10. ನನ್ನ ಮಟ್ಟಿಗೆ 27 ಗೋಲಿನ ವರ್ಷಕ್ಕಿಂತ ಈ ಹತ್ತೇ ದೊಡ್ಡದು.

2018 ಮುಗಿದಾಗ ಲೆಕ್ಕ 144. ಡೊನೊವನ್‌ನದು 145. ಇನ್ನೆರಡು ಗೋಲು ಸಾಕು. 2019ರ ಋತು ಶುರುವಾಯಿತು, ಮೊದಲ ಪಂದ್ಯ ಇಲ್ಲ, ಎರಡನೆಯದು ಇಲ್ಲ, ಮಾರ್ಚ್ ಹೋಯಿತು, ಏಪ್ರಿಲ್ ಹೋಯಿತು. ಹೊಸ ಕೋಚ್ ಮತಿಯಾಸ್ ಅಲ್ಮೇಡಾ ಇವನನ್ನು ಬೆಂಚಿಗೆ ಕಳಿಸಿದರು. 36 ವರ್ಷ. ಮುಗೀತು ಅಂದುಕೊಂಡವರೇ ಜಾಸ್ತಿ.

ಮೇ 18ರಂದು ಸ್ಯಾನ್ ಹೊಸೆಯಲ್ಲಿ ಶಿಕಾಗೊ ಫೈರ್ ವಿರುದ್ಧ ಪಂದ್ಯ. ವಾಂಡೊನನ್ನು ಶುರುವಿನಿಂದಲೇ ಆಡಿಸಿದರು. ಮೊದಲಾರ್ಧದಲ್ಲಿ ಒಂದು ಹೋಯಿತು, ಡೊನೊವನ್ ಜೊತೆ ಸಮ. ವಿರಾಮ ಮುಗಿದು ಸ್ವಲ್ಪ ಹೊತ್ತಿಗೆ ಇನ್ನೊಂದು, ದಾಖಲೆ ಮುರಿಯಿತು. ಸಾಮಾನ್ಯರು ಅಲ್ಲಿಗೆ ಕೈ ಬೀಸಿ ಹೊರಗೆ ನಡೆಯುತ್ತಿದ್ದರು. ಇವನು ಇನ್ನೂ ಎರಡು ಹೊಡೆದ. ಆ ದಿನ ಸ್ಯಾನ್ ಹೊಸೆ 4-1ರಿಂದ ಗೆದ್ದಿತು. ನಾಲ್ಕೂ ಇವನದೇ. ತಿಂಗಳುಗಟ್ಟಲೆ ನಿಂತಿದ್ದ ನಲ್ಲಿಯಲ್ಲಿ ಒಮ್ಮೆಲೇ ನೀರು ನುಗ್ಗಿದ ಹಾಗೆ. ಆ ವರ್ಷ ಮುಗಿದಾಗ ಮತ್ತೆ 15 ಗೋಲು. 2010ರಿಂದ 2019ರವರೆಗೆ ಹತ್ತಕ್ಕೆ ಹತ್ತು ವರ್ಷವೂ ಎರಡಂಕಿ. ಎಂಎಲ್‌ಎಸ್‌ನಲ್ಲಿ ಅದನ್ನು ಇನ್ನೊಬ್ಬರು ಮಾಡಿಲ್ಲ.

2019ರ ನಂತರ ಇನ್ನೊಂದು ವರ್ಷ ಆಡಿದ, ಆಮೇಲೆ ಮತ್ತೊಂದು. ಒಂದು ಋತುವಿನ ಗೋಲು ದಾಖಲೆ ಅಷ್ಟರಲ್ಲಿ ಬೇರೆಯವರ ಪಾಲಾಗಿತ್ತು. 2018ರಲ್ಲಿ ಜೋಸೆಫ್ ಮಾರ್ಟಿನೆಸ್ 31 ಹೊಡೆದ, 2019ರಲ್ಲಿ ಕಾರ್ಲೋಸ್ ವೇಲಾ 34. ಇಬ್ಬರೂ ಹೊರದೇಶದಿಂದ ಬಂದ ದುಬಾರಿ ಆಟಗಾರರು. ಲೀಗ್‌ನ ದಾರಿ ಈಗ ಅದು. ಕ್ಲಬ್‌ಗಳು ತಮ್ಮದೇ ಅಕಾಡೆಮಿ ಕಟ್ಟಿಕೊಂಡಿವೆ, ಹದಿಹರೆಯದ ಹುಡುಗರನ್ನು ಯುರೋಪಿಗೆ ಮಾರುತ್ತವೆ, ಕಾಲೇಜು ಡ್ರಾಫ್ಟ್‌ನ ಮಹತ್ವ ಕುಗ್ಗಿದೆ. ಪೂರಕ ಡ್ರಾಫ್ಟ್ ಅನ್ನುವುದೇ ಈಗಿಲ್ಲ. ಇವತ್ತು ಚೀಕೊ ಸ್ಟೇಟ್‌ನಲ್ಲಿ ಇನ್ನೊಬ್ಬ ವಾಂಡೊ ಇದ್ದರೆ ಅವನು ಬರುವ ಬಾಗಿಲು ಯಾವುದು? ಕೆಳಗಿನ ಲೀಗ್‌ಗಳಲ್ಲಿ ವರ್ಷಗಟ್ಟಲೆ ಬೆವರು ಸುರಿಸಿ ಮೇಲೆ ಬರಬೇಕು. ಇನ್ನು 171ರ ಹತ್ತಿರ ಬರಬೇಕಾದರೆ ಒಂದೇ ಲೀಗ್‌ನಲ್ಲಿ ಹದಿನೈದು ವರ್ಷ ಉಳಿಯಬೇಕು. ಚೆನ್ನಾಗಿ ಆಡುವವನನ್ನು ಯಾರೂ ಅಷ್ಟು ದಿನ ಅಲ್ಲಿ ಬಿಡುವುದಿಲ್ಲ.

2021ರ ನವೆಂಬರ್ 7, ಋತುವಿನ ಕೊನೇ ಪಂದ್ಯ, ಸ್ಯಾನ್ ಹೊಸೆಯಲ್ಲಿ ಎಫ್‌ಸಿ ಡಲ್ಲಾಸ್ ವಿರುದ್ಧ. ವಾಂಡೊನ ವಯಸ್ಸು 38. ಅವತ್ತೂ ಒಂದು ಗೋಲು ಹೊಡೆದ. ಪಂದ್ಯ ಮುಗಿದ ಮೇಲೆ, ಇನ್ನು ಆಡುವುದಿಲ್ಲ ಅಂತ ಹೇಳಿದ.